ಪುಟ್ಟಿಯ ನರಕೋಶಗಳು

ಅಕ್ಕಾ,

ಹೊತ್ತಿಗೆ ಸರಿಯಾಗಿ ಎರಡು ತುತ್ತಾದರೂ ತಿನ್ನುತ್ತಿದ್ದೀಯಾ? ಭಾವನನ್ನು ಕೇಳಿದರೆ ಮಾತು ಹಾರಿಸುತ್ತಾರೆ.

ಪುಟ್ಟಿ ಹೋದ ದಿನ ನೀನು ಕೇಳಿದ್ದೆ: "ರಿಪೋರ್ಟಿನಲ್ಲಿ ನರಕ್ಕೆ ಬೇಕಾದ ಪ್ರೋಟೀನ್ ಸಾಕಷ್ಟಿದೆ ಅಂತಿದೆಯಲ್ಲೇ, ಮತ್ತೆ ನನ್ನ ಮಗಳ ಕಾಲು ಯಾಕೆ ಸೋತುಹೋಯಿತು?" ಅದರ ಕಾರಣ ಈಗ ಗೊತ್ತಾಗಿದೆ. ಕಾಲಿನ ನರಕೋಶದ ಎಳೆ ಬೆನ್ನಿನಿಂದ ಪಾದದವರೆಗೆ ಚಾಚಿರುತ್ತದೆ. ಆ ಪ್ರೋಟೀನ್ ಮಾಡಿಸುವ ಸಂದೇಶ, ಅಂದರೆ ಎಂಆರ್‌ಎನ್‌ಎ, ಆ ತುದಿ ಮುಟ್ಟಬೇಕು. ಪ್ರೋಟೀನ್ ಅಲ್ಲೇ ತಯಾರಾಗಬೇಕು. ಪುಟ್ಟಿಯಲ್ಲಿ ಸಂದೇಶವೆಲ್ಲ ಬೆನ್ನಿನಲ್ಲಿರುವ ಕೋಶದ ಒಡಲಲ್ಲೇ ಗುಂಪುಗಟ್ಟಿ ಕೂತುಬಿಟ್ಟಿತ್ತು. ಪ್ರೋಟೀನೂ ಅಲ್ಲೇ ಆಯಿತು, ಕೆಲಸಕ್ಕೆ ಬರಲಿಲ್ಲ. ನೀನು ಬಸುರಿಯಾಗಿದ್ದಾಗ ತಿಂದದ್ದಕ್ಕೂ ಬಿಟ್ಟದ್ದಕ್ಕೂ ಇದಕ್ಕೂ ಸಂಬಂಧವೇ ಇಲ್ಲ. ನಿಮ್ಮತ್ತೆಗೆ ಇಷ್ಟನ್ನು ಓದಿ ಹೇಳು.

ಇದು ಹೇಗೆ ತಿಳಿಯಿತು ಅನ್ನುವುದನ್ನೂ ಹೇಳಲೇಬೇಕು. ನಿನ್ನ ಒಪ್ಪಿಗೆ ಪಡೆದು ಪುಟ್ಟಿಯ ತೋಳಿನಿಂದ ಚೂರು ಚರ್ಮ ತೆಗೆದಿದ್ದರಲ್ಲ, ಆ ಚರ್ಮದ ಕೋಶಗಳನ್ನೇ ಮಾರ್ಪಡಿಸಿ ನಮ್ಮ ಲ್ಯಾಬಿನಲ್ಲಿ ನರಕೋಶ ಬೆಳೆಸಿದೆವು. ಅವು ಇನ್ನೂ ಬದುಕಿವೆ ಅಕ್ಕಾ. ದಿನಾ ಬೆಳಿಗ್ಗೆ ಅವುಗಳ ಆಹಾರದ ದ್ರವ ಬದಲಿಸುವವಳು ನಾನೇ. ಬೇರೆಯವರಿಗೆ ಮುಟ್ಟಲೂ ಬಿಡುವುದಿಲ್ಲ ಅಂತ ಎಲ್ಲರೂ ನಗುತ್ತಾರೆ, ನಗಲಿ.

ನಮ್ಮ ಪರೀಕ್ಷೆ ಮುಗಿಯಿತು. ಇನ್ನು ಅವನ್ನು ಇಡಬೇಕೋ ಬಿಡಬೇಕೋ ಅಂತ ಲ್ಯಾಬಿನ ಮುಖ್ಯಸ್ಥೆ ಮೇಡಂ ಕೇಳುತ್ತಿದ್ದಾರೆ. ಅದನ್ನು ಹೇಳಬೇಕಾದವಳು ನೀನು. ಇಡು ಅಂದರೆ, ಇದೇ ಕಾಯಿಲೆಯ ಬೇರೆ ಮಕ್ಕಳಿಗೆ ಔಷಧಿ ಹುಡುಕಲು ಇರುತ್ತವೆ. ಸಾಕು ಅಂದರೆ ನಿಲ್ಲಿಸುತ್ತೇನೆ. ಆದರೆ ಅವತ್ತು ನೀನೂ ಬಾ. ನನ್ನೊಬ್ಬಳಿಂದ ಆಗುವುದಿಲ್ಲ.

ನಿನ್ನ ತಂಗಿ