ವಿಶ್ವ ಗೆರೆ ಎಳೆದಿಟ್ಟ ಮೈಸೂರು

ಜನವರಿ 11, ಶನಿವಾರ. ಅಜ್ಜಂಪುರ

ಏಳನೇ ಕ್ಲಾಸಿನ ಟೆಸ್ಟ್ ಪೇಪರ್ ಅರ್ಧ ತಿದ್ದಿದ್ದೆ. ಬುಕ್ಕಾಂಬುಧಿಯಿಂದ ಅತ್ತೆ ಬಂದರು. ವಿಶ್ವನ ತಾಯಿ. ನಿಶ್ಚಿತಾರ್ಥದ ದಿನವೇ "ಕಲ್ಲಮ್ಮ ಗಿಲ್ಲಮ್ಮ ಬ್ಯಾಡ, ಅತ್ತೆ ಅನ್ನು" ಅಂದಿದ್ದರು. ಲಗ್ನಪತ್ರಿಕೆ ಹಂಚಲು ಹೋದಾಗ ಬೈಕ್ ಆಕ್ಸಿಡೆಂಟ್... ವಿಶ್ವ ಉಳಿಯಲಿಲ್ಲ. ಬಾಯಿಗೆ ಮಾತ್ರ ಈಗಲೂ ಅತ್ತೆ ಅಂತಲೇ ಬರುತ್ತದೆ.

ಅತ್ತೆಯ ಕೈಯಲ್ಲಿ ವಿಶ್ವನ ಮೈಸೂರು ಗೈಡ್ ಪುಸ್ತಕ. ಮದುವೆಯಾದ ಮೇಲೆ ಇಬ್ಬರೂ ಹೋಗೋಣ ಅಂತ ಹಳೇ ಪುಸ್ತಕದ ಅಂಗಡಿಯಿಂದ ತಂದು, ನೋಡಬೇಕಾದ್ದಕ್ಕೆಲ್ಲ ಕೆಂಪು ಗೆರೆ ಎಳೆದಿಟ್ಟಿದ್ದ.

"ನಂಗೊಂದ್ಸಲ ತೋರ್ಸೇ ತನುಜಾ. ಅವ್ನು ಗೆರೆ ಎಳ್ದಿರೋದಷ್ಟೇ ಸಾಕು."

ಅಮ್ಮನ ಮುಖ ಗಂಟಾಯಿತು. ತಿಂಗಳ ಕೊನೆಗೆ ತರೀಕೆರೆಯಿಂದ ಗಂಡಿನ ಕಡೆಯವರು ನನ್ನನ್ನು ನೋಡಲು ಬರುತ್ತಾರಂತೆ. ಬರಲಿ, ನನಗೇನು! ಹೋಗಿಯೇ ಹೋಗುತ್ತೇನೆ.

ಜನವರಿ 18. ಮೈಸೂರು, ಸಂಜೆ

ದರಿದ್ರ ಪುಸ್ತಕ! ಪ್ರಿಂಟಾಗಿ ಯಾವ ಕಾಲವಾಯಿತೋ. ಅದು ಹೇಳಿದ ಕಡೆ ಬಸ್ ನಿಲ್ಲುವುದಿಲ್ಲ. ಅದು ಹೇಳಿದ "ಹತ್ತು ನಿಮಿಷದ ನಡಿಗೆ" ಮುಗಿಯುವುದೇ ಇಲ್ಲ. ಅರಮನೆ ಮಾತ್ರ ಹೇಳಿದ ಜಾಗದಲ್ಲೇ ಇತ್ತು, ಪುಣ್ಯ. ಯಾರನ್ನಾದರೂ ಕೇಳೋಣವೆಂದರೆ ಅತ್ತೆ ಬಿಡುವುದಿಲ್ಲ.

"ಅವ್ನೇ ಗೆರೆ ಎಳ್ದವ್ನಲ್ವಾ, ಇನ್ಯಾರನ್ನೇ ಕೇಳೋದು?"

ಸುಡುಬಿಸಿಲು. ಚಪ್ಪಲಿ ಕಚ್ಚಿ ಅವರ ಹಿಮ್ಮಡಿಯಲ್ಲಿ ರಕ್ತ. ಎರಡೆರಡು ಗೆರೆ ಎಳೆದಿದ್ದ ದೋಸೆ ಹೋಟೆಲಿನ ಜಾಗದಲ್ಲಿ ಮೊಬೈಲ್ ಅಂಗಡಿ. ಇಲ್ಲೇ ಇರಬೇಕು, ಸರಿಯಾಗಿ ಓದು ಅಂತ ಅತ್ತೆಯ ಹಠ. ತಲೆ ಕೆಟ್ಟುಹೋಯಿತು.

"ನಿಮ್ ಮಗ ಮೈಸೂರನ್ನ ನೋಡೇ ಇರ್ಲಿಲ್ಲ ಅತ್ತೆ! ಅವ್ನಿಗೇನ್ ಗೊತ್ತಿತ್ತು?"

ಬೀದಿಯಲ್ಲೇ ಕೂಗಿಬಿಟ್ಟೆ. ಅವರು ಅಂಗಡಿ ಮೆಟ್ಟಿಲ ಮೇಲೆ ಕುಸಿದು ಕೂತರು.

"ನೋಡ್ಲಿಲ್ಲ ಕಣೇ... ಏನೂ ನೋಡ್ಲಿಲ್ಲ ನನ್ ಮಗ."

ಪಕ್ಕದಲ್ಲೇ ಕೂತು ನಾನೂ ಅತ್ತುಬಿಟ್ಟೆ. ಜನ ನೋಡುತ್ತಿದ್ದರು. ನೋಡಲಿ.

ಅದೇ ದಿನ. ಲಾಡ್ಜ್

ಕೌಂಟರಿನವನು ಇಬ್ಬರ ಆಧಾರ್ ನೋಡಿ, "ಈ ಹುಡುಗಿ ನಿಮ್ಗೇನಾಗ್ಬೇಕಮ್ಮ?" ಅಂದ. ಸೊಸೆ ಅನ್ನುತ್ತಾರೆ ಅಂದುಕೊಂಡೆ.

"ಏನೂ ಆಗ್ಬೇಕಿಲ್ಲ. ನಮ್ಮೂರ್ ಕಡೆಯವ್ಳು, ಜೊತೇಗ್ ಬಂದವ್ಳೆ."

ಎದೆಗೆ ಒದ್ದ ಹಾಗಾಯಿತು. ರೂಮಿಗೆ ಬಂದ ಮೇಲೆ ಕೇಳಿದೆ, ಯಾಕೆ ಹಾಗಂದಿರಿ ಅಂತ.

"ನಿಮ್ಮಮ್ಮನ ಮುಖ ನೋಡ್ದೆ ಕಣೇ ಅವತ್ತು. ನೀನು ನನ್ನನ್ನ ಅತ್ತೆ ಅಂತಿದ್ರೆ ನಿನ್ನ ಯಾರೇ ಮದ್ವೆ ಮಾಡ್ಕೋತಾರೆ? ಇವತ್ತಿಗೇ ಸಾಕು. ಇನ್ಮೇಲೆ ಅನ್ಬ್ಯಾಡ."

ತಲೆ ಸವರಿದರು. ಗೋಡೆಯ ಕಡೆ ತಿರುಗಿ ಮಲಗಿದ್ದಾರೆ. ನಿದ್ದೆ ಬಂದಿಲ್ಲ, ಗೊತ್ತು.

ವಿಶ್ವ ಹೋದಾಗ ಅಳಲು ಇವರ ಮಡಿಲಿತ್ತು. ಈಗ ಎಲ್ಲಿ ಅಳಲಿ?

ಮಾರ್ಚ್ 2

ತರೀಕೆರೆಯವರು ಒಪ್ಪಿದ್ದಾರೆ. ಹುಡುಗ ಒಳ್ಳೆಯವನೇ. ನಾನೂ ಹೂಂ ಅಂದೆ. ಬೇರೆಯವರ ಬಾಯಲ್ಲಿ ಕೇಳುವುದು ಬೇಡ ಅಂತ ಬುಕ್ಕಾಂಬುಧಿಗೆ ನಾನೇ ಫೋನ್ ಮಾಡಿದೆ.

"ಯಾರು?" ಅಂದರು.

"ನಾನು."

"ನಾನು ಅಂದ್ರೆ ಯಾರಮ್ಮಾ?"

ದನಿ ಗುರುತು ಸಿಕ್ಕಿಯೂ ಬೇಕೆಂದೇ ಕೇಳಿದರು.

"ನಾನು... ನಿಮ್ಮ —" ಸೊಸೆ ಅನ್ನುವಂತಿಲ್ಲ, ಇನ್ನೇನು ಅನ್ನಲಿ?