ಯಾರೂ ತರದ ಕೇಕು

ಜನವರಿ 11, ಚಾಚಾಕ್, ಸರ್ಬಿಯಾ

ಎರಡು ಹೊತ್ತೂ ಬಾಸ್ಕೆಟ್‌ಬಾಲ್ ಪ್ರಾಕ್ಟೀಸ್. ಮೊಣಕಾಲಿಗೆ ಐಸ್ ಕಟ್ಟಿಕೊಂಡು ಬರೆಯುತ್ತಿದ್ದೇನೆ. ಯುರೋಪಿನಲ್ಲಿ ಇದು ನನ್ನ ಆರನೇ ದೇಶ. ಕೋಚ್ ನನ್ನ ಜಾಗಕ್ಕೆ ಬೇರೊಬ್ಬ ಅಮೆರಿಕನ್ ಆಟಗಾರನನ್ನು ಹುಡುಕುತ್ತಿದ್ದಾನಂತೆ. ಅವನು ಬಂದರೆ ನಾನು ಗಂಟುಮೂಟೆ ಕಟ್ಟಬೇಕು. ಸಾಕಾಗಿದೆ ಈ ಅಲೆದಾಟ... ಇಲ್ಲೇ ಉಳಿಯಬೇಕು.

ಜನವರಿ 14

ಮೂವತ್ನಾಲ್ಕು ತುಂಬಿತು. ಡ್ರೆಸ್ಸಿಂಗ್ ರೂಮಿನಲ್ಲಿ ಎಲ್ಲರೂ ಕೈ ಕುಲುಕಿದರು. ಆಮೇಲೆ ನನ್ನ ಚೀಲ ನೋಡಿದರು, ಮುಖ ನೋಡಿದರು.

"ಅಷ್ಟೇನಾ, ಮಾರ್ಕೆಲ್?" ಎಂದ ಕ್ಯಾಪ್ಟನ್ ವೂಕಾಶಿನ್.

"ಅಷ್ಟೇ" ಎಂದೆ. ಅವನು ಶೂ ಕಟ್ಟಲು ಕೂತ. ಒಂದು ಕೇಕಿಲ್ಲ, ಹಾಡಿಲ್ಲ! ಊಟಕ್ಕೆ ಕರೆದರೂ ಹೋಗಲಿಲ್ಲ.

ಫೋನಿನಲ್ಲಿ ಅಮ್ಮ ಕೇಳಿದಳು, ಯಾವ ಕೇಕು ಅಂತ. ಚಾಕೊಲೇಟ್ ಎಂದೆ.

ಫೆಬ್ರವರಿ 2

ಮತ್ತೆ ಸೋತೆವು. ಯಾರ ಜೊತೆಯೂ ಮಾತಿಲ್ಲ. ಅವರೂ ಕರೆಯುವುದು ಬಿಟ್ಟರು. ಕೋಚ್ ತನ್ನ ಕೋಣೆಗೆ ವೂಕಾಶಿನ್‌ನನ್ನು ಕರೆದು ಬಾಗಿಲು ಹಾಕಿಕೊಂಡ.

ಫೆಬ್ರವರಿ 9

ಕೆಳಗಿನ ಮನೆಯ ರಾದೊಯ್ಕಾ ಅಜ್ಜಿ ತಟ್ಟೆ ಹಿಡಿದು ಬಂದರು. "ತಿನ್ನು. ಇವತ್ತು ನಾನು ಹುಟ್ಟಿದ್ ದಿನ."

"ನಿಮ್ ಕೇಕು ನೀವೇ ಮಾಡ್ಕೊಂಡ್ರಾ, ಅಜ್ಜಿ?" ಎಂದೆ, ನನ್ನ ಹರಕು ಸರ್ಬಿಯನ್ನಿನಲ್ಲಿ.

"ಮತ್ತಿನ್ಯಾರ್ ಮಾಡ್ತಾರೆ? ಹುಟ್ಟಿದ್ದು ನಾನು, ಊರಿಗೆಲ್ಲ ತಿನ್ಸೋಳೂ ನಾನೇ. ನಿಂದ್ಯಾವಾಗ?"

"ಹೋದ ತಿಂಗಳೇ ಆಯ್ತು."

"ನಂಗೊಂದ್ ತುಂಡೂ ಕೊಡ್ಲಿಲ್ವಲ್ಲೋ, ಜಿಪುಣ!"

ಕೈಯಲ್ಲಿದ್ದ ತುಂಡನ್ನು ತಟ್ಟೆಗೆ ವಾಪಸಿಟ್ಟೆ. ಅವತ್ತು ಅವರೆಲ್ಲ ಕಾಯುತ್ತಿದ್ದುದು ನನ್ನ ಕೇಕಿಗೆ...

ಫೆಬ್ರವರಿ 10

ಬೇಕರಿಯ ಅತಿ ದೊಡ್ಡ ಕೇಕು ಹೊತ್ತು ಡ್ರೆಸ್ಸಿಂಗ್ ರೂಮಿಗೆ ಹೋದೆ. ಕಥೆ ಕೇಳಿ ವೂಕಾಶಿನ್ ಬಿದ್ದು ಬಿದ್ದು ನಕ್ಕ. "ಅಯ್ಯೋ ಪುಣ್ಯಾತ್ಮ! ನಮ್ ಜೊತೆ ಬೆರೆಯೋಕೆ ನಿಂಗೆ ಇಷ್ಟ ಇಲ್ಲ ಅಂದ್ಕೊಂಡಿದ್ವಲ್ಲೋ!"

ಆಮೇಲೆ ನಗು ನಿಂತಿತು. "ಕೋಚ್ ಕೇಳಿದಾಗ್ಲೂ ಹಂಗೇ ಹೇಳ್ಬಿಟ್ಟೆ ಕಣೋ."

ಬಾಯಿ ಒರೆಸಿಕೊಳ್ಳದೆ ಕೋಚ್ ಬಳಿಗೆ ಓಡಿದ. ತಲೆ ತಗ್ಗಿಸಿಕೊಂಡು ಬಂದ. ಹೊಸಬನ ಸಹಿ ಆಗಿಹೋಗಿದೆ.

ಫೆಬ್ರವರಿ 12, ಬಸ್ ನಿಲ್ದಾಣ

ಬೆಳಿಗ್ಗೆ ಹೊಸಬನಿಗೆ ಮನೆಯ ಕೀಲಿ ಕೊಟ್ಟೆ. ಟೆವಿನ್, ಓಹಾಯೊದವನು. ಮೊದಲ ಸಲ ದೇಶ ಬಿಟ್ಟಿದ್ದಾನೆ. ಅವನನ್ನು ದ್ವೇಷಿಸಬೇಕು ಅಂದುಕೊಂಡಿದ್ದೆ, ಆಗಲಿಲ್ಲ. ಹೀಟರ್ ಹೇಗೆ, ಅಂಗಡಿ ಎಲ್ಲಿ ಎಂದೆಲ್ಲ ಕೇಳಿದ.

"ಅದೆಲ್ಲ ಕೆಳಗಿನ್ ಮನೆ ಅಜ್ಜಿ ಹೇಳ್ತಾರೆ. ನಿನ್ ಹುಟ್ಟಿದ್ ದಿನ ಯಾವಾಗ?"

"ಮಾರ್ಚ್‌ನಲ್ಲಿ. ಯಾಕೆ?"

"ಕೇಕು ನೀನೇ ತಗೊಂಡ್ ಹೋಗು. ಮರೀಬೇಡ."

ತಮಾಷೆ ಎಂದುಕೊಂಡು ನಕ್ಕ. ಎರಡು ಸಲ ಹೇಳಿದೆ.

ವೂಕಾಶಿನ್ ಬಂದಿದ್ದಾನೆ. ನನ್ನ ಚೀಲ ಹಿಡಿದು ನಿಂತಿದ್ದಾನೆ, ಕೆಳಗಿಡುತ್ತಿಲ್ಲ. ಮುಂದೆ ಯಾವ ಊರೋ, ಅಲ್ಲಿ ಏನು ಪದ್ಧತಿಯೋ. ಈ ಸಲ ಮೊದಲ ದಿನವೇ ಕೇಳಿಬಿಡಬೇಕು. ಬಸ್ ಬಂತು.