ಹೊರಗಿಂದ ಕರ್ರಗಿದ್ದ ಕಿಟಕಿ

ಬಿಳಿಗೆರೆ
14-2-1978

ಚಿರಂಜೀವಿ ತಮ್ಮ ಹನುಮಂತಯ್ಯನಿಗೆ ಅಕ್ಕ ಪುಟ್ಟಗೌರಮ್ಮ ಮಾಡುವ ಆಶೀರ್ವಾದ.

ಇಲ್ಲಿ ಎಲ್ಲರೂ ಕ್ಷೇಮ ಅಂತ ಮೊದಲು ಬರೆಯೋದು ವಾಡಿಕೆ, ಬರೆದಿದೀನಿ ಅಂದ್ಕೋ. ಉತ್ತರ ತಡವಾಯ್ತು ಅಂತ ಬೇಜಾರು ಮಾಡ್ಕೋಬೇಡ. ಈಗಷ್ಟೇ ಎದ್ದು ಓಡಾಡೋ ಹಂಗಾಗಿದೀನಿ. ಜೊತೆಗೆ, ನಿನ್ನ ಕಾಗದ ಓದಿ ಬಂದ ಸಿಟ್ಟು ಇಳೀಲಿ ಅಂತ ಕಾದೆ. ಇಳೀಲಿಲ್ಲ.

ಅಪ್ಪ ಮೈಸೂರಿಗೆ ಬಂದೂ ನೀನು ಕೆಲಸ ಮಾಡೋ ಚರ್ಚಿನ ಒಳಕ್ಕೆ ಕಾಲಿಡಲಿಲ್ಲ, ನಿನ್ನ ಕಸುಬಿಗೆ ಮೂರು ಕಾಸಿನ ಮರ್ಯಾದೆ ಕೊಡಲಿಲ್ಲ, ಇನ್ನು ಈ ಮನೆ ಹೊಸ್ತಿಲು ತುಳಿಯಲ್ಲ ಅಂತ ಬರೆದಿದೀಯ. ಎಷ್ಟು ಸಲೀಸಾಗಿ ಬರೆದುಬುಟ್ಟೆ. ಕಾಯಿ ಕೆಡವೋ ಕಾಲದಲ್ಲಿ ತೋಟ ಬಿಟ್ಟು, ಕಿಬ್ಬನಹಳ್ಳಿ ಕ್ರಾಸಲ್ಲಿ ಬಿಸಿಲಿಗೆ ನಿಂತು ಬಸ್ಸು ಹಿಡಿದು ಬಂದಿದ್ದು ಯಾರು? ಒಳಗೆ ಬರಲಿಲ್ಲ ನಿಜ. ಆದರೆ ಹೊರಗಿಂದಾದ್ರೂ ನಿನ್ನ ಕೆಲಸ ಕಾಣಲಿ ಅಂತ ಆ ಗೋಡೆ ಸುತ್ತ ಸುತ್ತಿ ಸುತ್ತಿ, ಕಿಟಕಿ ಕೆಳಗೆ ತಲೆ ಎತ್ತಿ ನಿಂತಿತ್ತಂತೆ. ಕಂಡಿದ್ದು ಕರೀ ಗಾಜು, ನಡುವೆ ಸೀಸದ ಗೆರೆ. ಊರಲ್ಲಿ ಬೋರಯ್ಯಮಾವ ಕೇಳಿದ್ದಕ್ಕೆ "ಕರ್ರಗಿತ್ತು ಕಣಪ್ಪ" ಅಂತಷ್ಟೇ ಹೇಳ್ತು. ಇಷ್ಟು ವರ್ಷ ಅದನ್ನ ಮಾಡೋಕೆ ಹೋಗಿದ್ನಾ ಅಂತ ಮಾವ ನಕ್ಕ. ನನಗೆ ಮೈಯೆಲ್ಲ ಉರಿದುಹೋಯ್ತು.

ಹೊರಗಿಂದ ನೋಡಿದ್ರೆ ಎಂಥಾ ಬಣ್ಣದ ಗಾಜೂ ಕಪ್ಪು, ಒಳಗೆ ನಿಂತು ಬೆಳಕಿಗೆ ಎದುರಾಗಿ ನೋಡಬೇಕು ಅಂತ ನೀನೇ ಬರೆದಿದ್ದೆ. ವಿಲಾಯ್ತಿ ಸೀಮೆಯವರು ಅಜ್ಜನ ಕಾಲದಲ್ಲಿ ಮಾಡಿದ ಕಿಟಕಿ, ಒಡೆದ ಚೂರು ಬಿಚ್ಚಿ ಅದೇ ಬಣ್ಣದ್ದು ಹುಡುಕಿ ಕೂರಿಸೋದ್ರಲ್ಲಿ ಕಣ್ಣು ಬಿದ್ದುಹೋಗ್ತದೆ ಅಂತಲೂ ಬರೆದಿದ್ದೆ. ಅಷ್ಟು ತಿಳಿದೋನಿಗೆ, ಯಾಕಪ್ಪ ಒಳಗೆ ಬರಲ್ಲ ಅಂತ ಇಳಿದುಬಂದು ಕೇಳೋಕಾಗಲಿಲ್ವಾ? ಅಪ್ಪ ಚರ್ಚಿನ ಮೆಟ್ಟಿಲ ಕೆಳಗೆ ನಿಂತಿದ್ರೆ, ನೀನು ಒಳಗೆ ಅಟ್ಟಣಿಗೆ ಮೇಲಿಂದಲೇ "ಬರೋದಾದ್ರೆ ಬಾ, ಇಲ್ಲಾಂದ್ರೆ ಊರಿಗೆ ಹೋಗು" ಅಂತ ಕೂಗಿದೆಯಂತೆ. ಊರಿಗೆ ಬಂತು. "ಅವನಿಗೆ ಕೆಲಸ ಜಾಸ್ತಿ ಕಣವ್ವ" ಅಂತ ನನಗೆ ಹೇಳಿ ಕೊಟ್ಟಿಗೇಲಿ ಹೋಗಿ ಕೂತ್ಕೊಂತು. ಇಬ್ಬರೂ ಒಂದೇ ಕಾಯಿನ ಎರಡು ಹೋಳು. ನಿಮ್ಮಿಬ್ಬರ ಮಧ್ಯೆ ನನಗೆ ಸಾಕಾಗಿಹೋಗಿದೆ.

ಯುಗಾದಿಗೆ ಬಾ. ಅಪ್ಪನ ಹತ್ರ ಏನೂ ಮಾತಾಡಬೇಡ, ಪಕ್ಕದಲ್ಲಿ ಕೂತು ಉಂಡರೆ ಸಾಕು. ದೇವರು ನಿನ್ನ ಕಣ್ಣು ಕಾಪಾಡಲಿ, ಕೈ ಕುಯ್ಕೋಬೇಡ.

ಇಂತಿ ನಿನ್ನ ಅಕ್ಕ
ಪುಟ್ಟಗೌರಮ್ಮ

ವಿ.ಸೂ.: ಇದು ಮರೆತಿದ್ದಲ್ಲ, ಬರೆಯೋಕೆ ಕೈ ಬರಲಿಲ್ಲ. ನನ್ನ ಮಗು ಹೋಯ್ತು ಕಣೋ, ಹೆಸರಿಡೋಕೂ ಮುಂಚೆ. ಇಂಥಾದ್ದನ್ನ ಕಾಗದದಲ್ಲಿ ಬರೀಬೇಡ, ನಾನೇ ಹೋಗಿ ಹೇಳ್ತೀನಿ ಅಂತ ಅಪ್ಪ ಅವತ್ತು ಮೈಸೂರಿಗೆ ಹೊರಟು ಬಂದಿತ್ತು. ಮನೇಲಿ ಸೂತಕ, ಯಾರ ದೇವರಾದರೇನು, ಒಳಗೆ ಹೋಗಬಾರದು ಅಂತ ಹೊರಗೇ ನಿಂತಿತ್ತು. ಅಷ್ಟೆತ್ತರದಲ್ಲಿ ನಿಂತೋನಿಗೆ ಸಾವಿನ ಸುದ್ದಿ ಕೂಗಿ ಹೇಳೋದು ಹೆಂಗೆ ಅಂತ ಸುಮ್ಮನೆ ವಾಪಸ್ ಬಂತು. ಈ ಕಾಗದ ಮನೇಲಿ ಇಟ್ಕೋಬೇಡ, ಓದಿ ಹರಿದುಹಾಕು.

ಹುಟ್ಟೋ ಮಗೂಗೆ ಅಂತ ನೀನು ಅಂಚು ತೀಡಿ ಕಳಿಸಿದ್ದೆಯಲ್ಲ ಕೆಂಪು ಗಾಜಿನ ಚೂರು, ಅದನ್ನ ಬಾಣಂತಿ ಕೋಣೆ ಕಿಟಕಿಗೆ ಕಟ್ಟಿದ್ದು ಅಪ್ಪನೇ. ಬೆಳಿಗ್ಗೆ ಬಿಸಿಲು ಬಂದಾಗ ಆ ಕೆಂಪು ಮಗೂನ ಕೆನ್ನೆ ಮೇಲೆ ಬೀಳ್ತಿತ್ತು. ತೋಟಕ್ಕೆ ಹೋಗೋದು ಬಿಟ್ಟು ಅಪ್ಪ ಬಾಗಿಲಲ್ಲಿ ನೋಡ್ತಾ ನಿಂತಿರ್ತಿತ್ತು. ನಿನ್ನ ಗಾಜಿನ ಬಣ್ಣ ಅಪ್ಪನಿಗೆ ಗೊತ್ತು ಕಣ್ಲಾ.